ಬಾವಿಗೆ ಇಳಿದವರ ವರ್ಷ

ಇವತ್ತು ಬೆಳಿಗ್ಗೆ ಅಮ್ಮಸಂದ್ರದ ಕಡೆಯ ರೈತರೊಬ್ಬರು ಲಗೇಜ್ ಆಟೋದಲ್ಲಿ ಒಂದು ಹಳೇ ಮೋಟರ್ ತಂದು ನಮ್ಮ ಅಂಗಡಿ ಮುಂದೆ ಇಳಿಸಿದರು. ಪಾಳುಬಾವಿಯ ಕೆಸರಿನಲ್ಲಿ ಎಷ್ಟೋ ವರ್ಷ ಹೂತುಹೋಗಿತ್ತಂತೆ. ನಟ್ಟು ಬಿಚ್ಚಿ ಮುಚ್ಚಳ ತೆಗೆಯುತ್ತಿದ್ದ ಹಾಗೆ ಒಳಗಿನಿಂದ ಒಂದು ವಾಸನೆ ಬಂತು ನೋಡಿ. ಕೊಳೆತ ಸೋಗೆಯದೋ, ಕೆಟ್ಟ ಮೊಟ್ಟೆಯದೋ, ಎರಡೂ ಬೆರೆತದ್ದು. ಕೈಲಿದ್ದ ಸ್ಪ್ಯಾನರ್ ಅಲ್ಲೇ ಎಸೆದು ಹೊರಗೆ ಓಡಿಬಂದು ಜಗಲಿ ಮೇಲೆ ಕೂತುಬಿಟ್ಟೆ. ರೈತರು ಗಾಬರಿಯಾಗಿ, "ಏನಾಯ್ತು ಕಣಮ್ಮ, ಹುಷಾರಿಲ್ವಾ?" ಎಂದರು. "ಏನಿಲ್ಲ ಬುಡಿ, ಬಿಸ್ಲು" ಎಂದೆ. ಬಿಸಿಲೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಬೆಳಗಿನಿಂದ ಮೋಡ ಕವಿದುಕೊಂಡಿತ್ತು.

ಆ ವಾಸನೆ ನನಗೆ ಗೊತ್ತು. ಎರಡು ವರ್ಷದ ಹಿಂದೆ ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಅದು ನಮ್ಮ ಮನೆಯೊಳಗೆ ಸೇರಿಕೊಂಡಿತ್ತು. ನಮ್ಮನೆಯವರ ಬಟ್ಟೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ಎಷ್ಟು ಸೋಪು ತಿಕ್ಕಿದರೂ ಹೋಗುತ್ತಿರಲಿಲ್ಲ.

ನಮ್ಮನೆಯವರ ಹೆಸರು ರುದ್ರೇಶಪ್ಪ. ತುರುವೇಕೆರೆಯಲ್ಲಿ ಹಾಗೆಂದರೆ ಯಾರಿಗೂ ಗೊತ್ತಾಗುವುದಿಲ್ಲ, ಮಿಲ್ಟ್ರಿ ರುದ್ರಣ್ಣ ಅನ್ನಬೇಕು. ಸೈನ್ಯದಲ್ಲಿ ಗಾಡಿ ರಿಪೇರಿ ಕೆಲಸ. ಕಾರ್ಗಿಲ್ ಯುದ್ಧದ ಆ ಬೇಸಿಗೆಯಲ್ಲಿ ಬೆಟ್ಟದ ದಾರಿಗಳಲ್ಲಿ ಕೆಟ್ಟುನಿಂತ ಲಾರಿಗಳನ್ನು ಸರಿಮಾಡಿ ಕಳಿಸುತ್ತಿದ್ದರು. ಪಕ್ಕದಲ್ಲೇ ಷೆಲ್ಲು ಬಿದ್ದು ಎಡಗಿವಿ ಹೋಯಿತು. ಆಗ ನಮ್ಮ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ನಾನು ಕಂದಿಕೆರೆಯ ತವರಿನಲ್ಲಿದ್ದೆ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ಲು ಕೇಳಿದರೆ ಹಿತ್ತಿಲಿಗೆ ಓಡಿ ಹುಲ್ಲಿನ ಮೆದೆಯ ಹಿಂದೆ ಅವಿತುಕೊಳ್ಳುತ್ತಿದ್ದೆ. ನಾನು ಕೈಗೆ ತೆಗೆದುಕೊಳ್ಳದಿದ್ದರೆ ಕೆಟ್ಟ ಸುದ್ದಿ ಬಂದೇ ಇಲ್ಲ ಅನ್ನೋ ಹುಚ್ಚು ಲೆಕ್ಕ.

ರಿಟೈರಾಗಿ ಬಂದವರು ಮೋಟರ್ ರಿವೈಂಡಿಂಗ್ ಅಂಗಡಿ ಹಾಕಿದರು. ಈ ತೆಂಗಿನ ಸೀಮೆಯಲ್ಲಿ ತೋಟಕ್ಕೊಂದು ಬೋರು, ಬೋರಿಗೊಂದು ಮೋಟರು, ವರ್ಷಕ್ಕೊಮ್ಮೆಯಾದರೂ ಅದು ಸುಡಲೇಬೇಕು. ಕೆಲಸಕ್ಕೇನೂ ಬರವಿರಲಿಲ್ಲ. ನಾನೂ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು, ತಾಮ್ರದ ತಂತಿ ಸುತ್ತೋದು ಕಲಿತೆ. ಈಗ ಅವರಿಗಿಂತ ನನ್ನ ಕೈಯೇ ಚೊಕ್ಕ, ಅವರನ್ನೇ ಕೇಳಿ ಬೇಕಾದರೆ.

ಬೋರಿನಿಂದ ಮೋಟರ್ ಎತ್ತಲು ಮೂರು ಕಬ್ಬಿಣದ ಕಾಲಿನ ಒಂದು ಸ್ಟ್ಯಾಂಡು, ಅದಕ್ಕೆ ಚೈನ್ ಪುಲ್ಲಿ ಇಟ್ಟಿದ್ದೆವು. ಒಮ್ಮೆ ಪಕ್ಕದ ಊರಿನಲ್ಲಿ ಗಬ್ಬದ ಹಸುವೊಂದು ಬಾವಿಗೆ ಬಿತ್ತು. ಇವರು ಆ ಸ್ಟ್ಯಾಂಡು ಹೊತ್ತುಕೊಂಡು ಹೋಗಿ ಹಸುವನ್ನು ಎತ್ತಿಕೊಟ್ಟರು. ಅಲ್ಲಿಂದ ಶುರುವಾಯಿತು. ಎಲ್ಲಿ ಏನು ಬಾವಿಗೆ ಬಿದ್ದರೂ ಮಿಲ್ಟ್ರಿ ರುದ್ರಣ್ಣಂಗೆ ಫೋನ್ ಮಾಡಿ ಅನ್ನತೊಡಗಿದರು. ಇವರ ಜೊತೆಗೆ ಸಿದ್ದರಾಜು ಸೇರಿಕೊಂಡ. ಅವನು ಕಾಯಿ ಸುಲಿಯುವವನು, ತೋಳೆಂದರೆ ತೋಳು. ಇವರು ಕೆಳಗೆ ಇಳಿದರೆ ಮೇಲೆ ಹಗ್ಗ ಹಿಡಿಯುವವನು ಅವನೇ. ಯಾರ ಹತ್ತಿರವೂ ಏನೂ ಮುಟ್ಟುತ್ತಿರಲಿಲ್ಲ, ಕಾಫಿ ಕೊಟ್ಟರೆ ಕುಡಿದು ಬರುತ್ತಿದ್ದರು. ಹಸು, ಕುರಿ, ನಾಯಿ ಆಗಿದ್ದಾಗ ನಾನೂ ಸುಮ್ಮನಿದ್ದೆ.

ಆ ವರ್ಷ ಕಾಯಿಗೂ ಕೊಬ್ಬರಿಗೂ ಯಾರೂ ಕಂಡಿರದ ರೇಟು ಬಂತು. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಬತ್ತಿ ಕೊಬ್ಬರಿಯಾಗುವ ತನಕ ವರ್ಷದ ಹತ್ತಿರ ಕಾಯುತ್ತಾರೆ. ಆ ವರ್ಷ ಯಾರಿಗೂ ಕಾಯುವ ತಾಳ್ಮೆ ಉಳಿಯಲಿಲ್ಲ. ಕಳ್ಳರ ಭಯಕ್ಕೆ ಅಟ್ಟದ ಏಣಿಗೆ ಸರಪಳಿ ಬಿತ್ತು. ಮುತ್ತೈದೆಯರ ಮಡಿಲಿಗೆ ಕಾಯಿ ಹಾಕುವಾಗ ದೊಡ್ಡದನ್ನು ಹಿಂದಿಟ್ಟು ಚಿಕ್ಕದನ್ನು ಹುಡುಕುತ್ತಿದ್ದರು. ಅಯ್ಯೋ, ನಾನೂ ಹುಡುಕಿದೆ ಬಿಡಿ.

ಆಗಲೇ ಜನರಿಗೆ ಹಳೇ ಬಾವಿಗಳು ನೆನಪಾದದ್ದು. ಒಂದು ಕಾಲದಲ್ಲಿ ಪ್ರತಿ ತೋಟಕ್ಕೂ ಕಲ್ಲು ಕಟ್ಟಿದ ತೆರೆದ ಬಾವಿ ಇತ್ತು. ಬೋರು ಬಂದ ಮೇಲೆ ಅವು ಬತ್ತಿ ಕಸದ ಗುಂಡಿಗಳಾದವು. ಬಿದ್ದ ಸೋಗೆ, ಸುಲಿದ ಮಟ್ಟೆ, ಎಲ್ಲ ಅದರೊಳಕ್ಕೆ. ಬಾವಿಯ ಅಂಚಿನ ಮರಗಳು ಒಳಕ್ಕೇ ವಾಲಿರುತ್ತವೆ, ಅವುಗಳ ಕಾಯಿಯೂ ನೇರ ಅಲ್ಲಿಗೇ. ಬಿದ್ದರೆ ಬೀಳಲಿ ಅಂತ ಯಾರೂ ತಲೆ ಕೆಡಿಸಿಕೊಂಡವರಲ್ಲ. ಆ ವರ್ಷ ಎಲ್ಲರೂ ಬಾವಿಯೊಳಕ್ಕೆ ಬಗ್ಗಿ ನೋಡತೊಡಗಿದರು. ಆಮೇಲೆ ಚೀಲ ಹಿಡಿದು ಇಳಿಯತೊಡಗಿದರು.

ಮೊದಲ ಸಾವು ಯುಗಾದಿ ಕಳೆದ ಮೇಲೆ. ಇವರು ಹೋಗುವಷ್ಟರಲ್ಲಿ ಮುಗಿದಿತ್ತು, ಹೆಣವನ್ನು ಎತ್ತಿಕೊಟ್ಟು ಬಂದರು. ಬಂದವರು ಊಟದ ತಟ್ಟೆ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ಮಾರನೇ ದಿನದಿಂದ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಒಂದೊಂದು ಊರಿನ ಡೈರಿ ಮುಂದೆ ಹೋಗಿ ನಿಂತು, ಬಾವಿಗೆ ಇಳಿಯಬೇಡಿ ಅಂತ ಹೇಳತೊಡಗಿದರು. ಒಂದು ದಿನ ನಾನೂ ಜೊತೆಯಲ್ಲಿದ್ದೆ.

"ಬಾವಿಗೆ ದೀಪ ಇಳಿಬುಟ್ಟು ನೋಡ್ತೀವಿ ಬುಡಿ ರುದ್ರಣ್ಣ, ಉರೀತಿದ್ರೆ ತಾನೆ ಇಳಿಯಾದು" ಎಂದ ಒಬ್ಬ, ಹಾಲಿನ ಕ್ಯಾನಿನ ಮೇಲೆ ಕೂತು.

"ದೀಪ ಉರೀತದೆ ಕಣಪ್ಪ" ಎಂದರು ಇವರು. "ನೀನು ಇಳಿದು ಸೋಗೆ ತುಳಿದ ಮೇಲೆ ಅಡೀಲಿರೋ ಗಾಳಿ ಏಳೋದು. ಮೊದ್ಲು ಕೆಟ್ಟ ವಾಸ್ನೆ ಬತ್ತದೆ. ಆಮೇಲೆ ಮೂಗು ಸತ್ತೋಯ್ತದೆ, ವಾಸ್ನೆನೇ ಬರಲ್ಲ. ವಾಸ್ನೆ ಹೋಯ್ತಲ್ಲ ಅಂತ ನೀನು ಧೈರ್ಯವಾಗಿ ಇನ್ನೊಂದು ಕಾಯಿಗೆ ಬಗ್ತೀಯ. ಅಷ್ಟೇಯ."

"ಮಿಲ್ಟ್ರಿಯೋರಿಗೆ ಎಲ್ಲೆಲ್ಲೂ ಬಾಂಬೇ ಕಾಣ್ತದೆ" ಎಂದು ಯಾರೋ ಅಂದರು, ಎಲ್ಲ ನಕ್ಕರು. ನಾನು ನಗಲಿಲ್ಲ. ಮೂಗು ಸತ್ತುಹೋಗುತ್ತದೆ ಅನ್ನುವಾಗ ಅವರ ದನಿ ಹೇಗಿತ್ತೆಂದರೆ, ನನಗೆ ಅಲ್ಲಿಯೇ ಬೆವರು ಇಳಿಯಿತು. ಇವರಿಗೆ ಅದೆಲ್ಲ ಇಷ್ಟು ಚೆನ್ನಾಗಿ ಗೊತ್ತಿರಬೇಕಾದರೆ ಎಷ್ಟು ಹತ್ತಿರಕ್ಕೆ ಹೋಗಿ ಬಂದಿರಬೇಕು!

ಅವತ್ತಿನಿಂದ ಫೋನು ನನ್ನ ಪಾಲಿಗೆ ಹಾವಾಯಿತು. ರಿಂಗಾದರೆ ಕೈಲಿದ್ದ ತಂತಿ ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಮೋಟರಿನ ಗಿರಾಕಿ ಮಾಡಿದರೂ ಅಷ್ಟೇ, ನೆಂಟರು ಮಾಡಿದರೂ ಅಷ್ಟೇ. ಇವರು ಹೊರಟರೆ ತಿರುಗಿ ಬರುವ ತನಕ ನಾನು ಸುತ್ತಿದ ತಂತಿಯ ಸುರುಳಿಗಳನ್ನೆಲ್ಲ ಮತ್ತೆ ಬಿಚ್ಚಿ ಸುತ್ತಬೇಕಾಗುತ್ತಿತ್ತು. ನಾವು ಶಿವನ ಒಕ್ಕಲು. ಆದರೂ ಹತ್ತಿರದ ಸಂಪಿಗೆ ಊರಿಗೆ ಹೋಗಿ ಅಲ್ಲಿಯ ಶ್ರೀನಿವಾಸನಿಗೂ ಹರಕೆ ಕಟ್ಟಿಬಂದೆ. ಅಷ್ಟು ಭಯವಾದಾಗ ಯಾವ ದೇವರಾದರೇನು.

ಒಂದು ದಿನ ತಡೆಯಲಾರದೆ ಜಗಳಕ್ಕೇ ನಿಂತೆ.

"ಐವತ್ತು ದಾಟ್ತು ನಿಮಗೆ. ಒಂದು ಕಿವಿ ಕೇಳಲ್ಲ. ಸೀಮೇಲಿರೋ ಬಾವಿಗೆಲ್ಲ ನೀವೇ ಇಳೀಬೇಕೇನ್ರೀ? ಫೈರಿಂಜಿನ್ನೋರು ಇಲ್ವಾ?"

"ಅವ್ರೂ ಬತ್ತಾರೆ ಕಣೇ. ದೂರ ಅಲ್ವಾ, ಅವ್ರು ಬರೋ ಅಷ್ಟೊತ್ಗೆ ಒಬ್ನ ಎತ್ತಕ್ಕೆ ಅಂತ ಇನ್ನೊಬ್ಬ ಇಳಿದಿರ್ತಾನೆ."

"ಇಳೀಲಿ! ಯುದ್ಧಕ್ಕೆ ಕಳಿಸಿದಾಗ ಸರ್ಕಾರ ಕಳಿಸ್ತು. ಇದಕ್ಕೆ ಯಾರು ಕಳಿಸಿದ್ರು ನಿಮ್ಮನ್ನ? ನನಗೆ ಎರಡನೇ ಸಲ ಕಾಯೋ ಶಕ್ತಿ ಇಲ್ಲ. ಹೇಳಿಬಿಟ್ಟಿದ್ದೀನಿ."

ಅವರು ಎದ್ದರು. ಹಿತ್ತಿಲಿಗೆ ಹೋಗಿ ಹಗ್ಗ ತೊಳೆದು ಒಣಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮುಂಗಾರಿನ ಮೊದಲ ಮಳೆಗಳು ಬಿದ್ದವು. ಒಣಗಿದ್ದ ಕಸವೆಲ್ಲ ನೆನೆದು ಕೊಳೆಯತೊಡಗಿತು, ಇನ್ನು ಮೇಲೆ ಇನ್ನೂ ಕಷ್ಟ ಅಂದರು ಇವರು. ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು. ಸಂಪಿಗೆ ದಾರಿಯ ಒಂದು ಹಳ್ಳಿ. ಇಬ್ಬರು ಒಳಗಿದ್ದಾರೆ. ಸಿದ್ದರಾಜು ಮಾವನ ತಿಥಿಗೆಂದು ದೂರದ ಊರಿಗೆ ಹೋಗಿದ್ದ. ಇವರು ಗಾಡಿಗೆ ಸ್ಟ್ಯಾಂಡು, ಹಗ್ಗ, ಜನರೇಟರು, ಗಾಳಿ ಊದುವ ಬ್ಲೋವರು ಎಲ್ಲ ಹಾಕಿ, ನನ್ನ ಮುಂದೆ ಬಂದು ನಿಂತರು.

"ನೀನು ಬತ್ತೀಯಾ?"

ಇಷ್ಟು ವರ್ಷದಲ್ಲಿ ಒಂದು ದಿನವೂ ಹಾಗೆ ಕರೆದವರಲ್ಲ.

"ಬರಲ್ಲ ಅಂದ್ರೆ?"

"ಒಬ್ನೇ ಹೋಗ್ತೀನಿ."

ಬೈಯುತ್ತಲೇ ಶಟರ್ ಎಳೆದು ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಅವರು ಒಂದೇ ವಿಷಯ ಹೇಳಿದರು. "ನಾನು ಹಗ್ಗ ಒಂದ್ಸಲ ಎಳುದ್ರೆ ನಿಲ್ಸು ಅಂತ. ಎರಡು ಸಲ ಎಳುದ್ರೆ ಮೇಲಕ್ಕೆ ಎತ್ತು ಅಂತ. ಆಗಾಗ ನೀನೊಂದ್ಸಲ ಎಳೀಬೇಕು, ನಾನು ತಿರುಗಿ ಎಳೀತೀನಿ. ತಿರುಗಿ ಎಳೀಲಿಲ್ಲ ಅಂದ್ರೆ…"

"ಅಂದ್ರೆ?"

"ಯಾರ ಮಾತೂ ಕೇಳ್ಬೇಡ. ಎತ್ಬುಡು."

ತೋಟದಲ್ಲಿ ಊರಿಗೆ ಊರೇ ಸೇರಿತ್ತು. ಶಿವಣ್ಣ ಅನ್ನುವವರು ಕಾಯಿ ತುಂಬಲು ಇಳಿದು ಕುಸಿದಿದ್ದರು. ಅವರನ್ನು ಎತ್ತಲು ತಮ್ಮ ಲೋಕೇಶ ಇಳಿದು ಅವನೂ ಬಿದ್ದಿದ್ದ. ನಾವು ಹೋದಾಗ ದಾಯಾದಿ ಒಬ್ಬ ಸೊಂಟಕ್ಕೆ ಟವೆಲ್ ಬಿಗಿಯುತ್ತಿದ್ದ. ಇವರು ಗಾಡಿಯಿಂದಲೇ "ಯಾರೂ ಇಳೀಬ್ಯಾಡ್ರೋ!" ಎಂದು ಕೂಗಿದ ಕೂಗಿಗೆ ಅವನು ಹಾಗೇ ಕೂತುಬಿಟ್ಟ. ಬಾವಿಯ ಕಟ್ಟೆಯ ಮೇಲೆ ಶಿವಣ್ಣನವರ ಹೆಂಡತಿ ಜಯಮ್ಮ, ನನಗಿಂತ ಒಂದೆರಡು ವರ್ಷ ಚಿಕ್ಕವರು, ಒಳಕ್ಕೆ ಬಗ್ಗಿ ಗಂಡನ ಹೆಸರು ಹಿಡಿದೇ ಕೂಗುತ್ತಿದ್ದರು. ಎಂದೂ ಗಂಡನ ಹೆಸರು ಹೇಳಿದವರಲ್ಲ ಅಂತ ಆಮೇಲೆ ಊರವರು ಹೇಳಿದರು. ನಾನು ಹೋಗಿ ಅವರನ್ನು ಹಿಂದಕ್ಕೆ ಎಳೆದುಕೊಂಡೆ.

ಬ್ಲೋವರಿನ ಪೈಪನ್ನು ಕೆಳಕ್ಕೆ ಬಿಟ್ಟು ಗಾಳಿ ಊದಿಸಿದೆವು. ಇನ್ನೊಂದು ಸಣ್ಣ ಪೈಪು ಇವರ ಮುಖಕ್ಕೆ ಹಾಕುವ ಮಾಸ್ಕಿಗೆ. ಸೊಂಟಕ್ಕೆ, ತೊಡೆಗೆ ಬೆಲ್ಟು. ಬೆಲ್ಟಿನ ಬಕಲ್ ಹಾಕಲು ಹೋದರು, ಆಗಲಿಲ್ಲ. ಮತ್ತೆ ಹೋದರು. ಬೆರಳುಗಳು ನಿಲ್ಲುತ್ತಲೇ ಇಲ್ಲ.

"ರೀ, ಕೈ ನಡುಗ್ತಾ ಇದೆ" ಎಂದೆ ಮೆಲ್ಲಗೆ.

"ಪ್ರತಿ ಸಲಾನೂ ನಡುಗ್ತದೆ. ಸಿದ್ದರಾಜು ಹಾಕ್ಕೊಡ್ತಿದ್ದ. ನೀನು ಹಾಕು."

"ಹೆದರಿಕೇನಾ?"

"ಇನ್ನೇನು ಮತ್ತೆ? ಬೇಗ ಹಾಕೇ."

ನನಗೆ ಅಳುವೂ ಬಂತು, ಕೋಪವೂ ಬಂತು. ಹುಲ್ಲಿನ ಮೆದೆಯ ಹಿಂದೆ ಅವಿತುಕೊಂಡ ದಿನದಿಂದ ಹೆದರುವ ಕೆಲಸ ನನ್ನೊಬ್ಬಳದೇ ಅಂದುಕೊಂಡಿದ್ದೆನಲ್ಲ! ಇವರಿಗೆ ಭಯ ಅನ್ನೋದೇ ಇಲ್ಲ, ಅದಕ್ಕೇ ಹೀಗೆ ಕುಣಿಯುತ್ತಾರೆ ಅಂತ ಎಷ್ಟು ಸಲ ಮನಸ್ಸಿನಲ್ಲೇ ಬೈದಿದ್ದೆ. ಬಕಲ್ ಹಾಕಿದೆ. ಎರಡು ಸಲ ಎಳೆದು ನೋಡಿದೆ.

ಲೋಕೇಶ ಬಾವಿಯ ಗೋಡೆಯ ಕಲ್ಲಿನ ಮೆಟ್ಟಿಲಿಗೆ ಸಿಕ್ಕಿಕೊಂಡು ಸ್ವಲ್ಪ ಮೇಲೆಯೇ ಇದ್ದ. ಅವನನ್ನು ಬೇಗ ಎತ್ತಿದೆವು. ಉಸಿರಾಡುತ್ತಿದ್ದ. ಜನ ಅವನನ್ನು ಕಾರಿಗೆ ಹಾಕಿಕೊಂಡು ತಿಪಟೂರಿನ ಕಡೆ ಓಡಿದರು. ಇವರು ಮೇಲೆ ಬಂದು, ಒಂದಿಷ್ಟು ಗಾಳಿ ಕುಡಿದು, ಮತ್ತೆ ಇಳಿದರು. ಈ ಸಲ ತಳದ ತನಕ. ಶಿವಣ್ಣ ಕೊಳೆತ ಸೋಗೆಯ ರಾಡಿಯಲ್ಲಿ ಎದೆಯ ತನಕ ಹೂತಿದ್ದರು.

ಸನ್ನೆಯ ಹಗ್ಗ ನನ್ನ ಕೈಯಲ್ಲಿ. ಚೈನು ಎಳೆಯಲು ಊರಿನ ನಾಲ್ಕು ಗಂಡಸರು. ನಾನು ಒಮ್ಮೆ ಎಳೆದೆ, ಕೆಳಗಿನಿಂದ ಒಂದು ಎಳೆತ ಬಂತು. ಮತ್ತೆ ಎಳೆದೆ, ಬಂತು. ಬಗ್ಗಿ ನೋಡಿದರೆ ಇವರ ಬೆನ್ನು ಮಾತ್ರ ಕಾಣುತ್ತಿತ್ತು, ರಾಡಿಯೊಳಕ್ಕೆ ಕೈ ಇಳಿಸಿ ಏನೋ ಕಟ್ಟುತ್ತಿದ್ದರು. ಮತ್ತೆ ಎಳೆದೆ. ಬರಲಿಲ್ಲ.

ಇನ್ನೊಮ್ಮೆ ಎಳೆದೆ. ಹಗ್ಗ ಸುಮ್ಮನಿತ್ತು.

"ಎತ್ರೀ" ಎಂದೆ. ಚೈನು ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು.

ಜಯಮ್ಮ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಬ್ಯಾಡಿ ಅಕ್ಕ, ಎಳೀಬ್ಯಾಡಿ. ಕಟ್ತಾ ಅವ್ರೆ. ನಮ್ಮನೆಯೋರ್ನ ಕಟ್ತಾ ಅವ್ರೆ ಅಕ್ಕ, ಒಂಚೂರು ತಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಹೂಂ ಕಣಮ್ಮ, ಕಟ್ತಾವ್ರೆ, ಈಗ ಎಳುದ್ರೆ ಎಲ್ಲ ಹಾಳಾಯ್ತದೆ" ಎಂದ ಗುಂಪಿನಲ್ಲೊಬ್ಬ. ಹೌದೇನೋ ಅನ್ನಿಸಿತು. ಅವರ ಬೆನ್ನು ಹಾಗೇ ಬಗ್ಗಿಕೊಂಡಿತ್ತು, ಕೆಲಸ ಮಾಡುತ್ತಿರುವ ಬೆನ್ನಿನ ಹಾಗೇ ಇತ್ತು. ಜಯಮ್ಮನ ಕೈ ಬಿಸಿಯಾಗಿತ್ತು. ಆ ಕೈ ಬಿಡಿಸಿಕೊಂಡದ್ದು ಹೇಗೋ ನನಗೆ ಗೊತ್ತಿಲ್ಲ, ಪರಚಿದ್ದೆನಂತೆ. "ಎತ್ರೀ! ಎತ್ರೀ ಅಂದ್ರೆ!" ಎಂದು ಕಿರುಚಿದೆ. ಚೈನು ಗರಗರ ಸದ್ದು ಮಾಡಿತು.

ಇವರು ತಲೆ ಎದೆಯ ಮೇಲೆ ಬಿದ್ದುಕೊಂಡು ಮೇಲೆ ಬಂದರು. ಮಾಸ್ಕು ಪಕ್ಕಕ್ಕೆ ಸರಿದಿತ್ತು. ಜಯಮ್ಮ ಇವರ ಕಾಲ ಕೆಳಗೆ ನೋಡಿದರು. ಅಲ್ಲಿ ಶಿವಣ್ಣನವರಿಗೆ ಕಟ್ಟಬೇಕಿದ್ದ ಹಗ್ಗದ ಬರೀ ತುದಿ ಅಲ್ಲಾಡುತ್ತಿತ್ತು.

ಮಲಗಿಸಿ, ನೀರು ಚಿಮುಕಿಸಿ, ಬೆನ್ನು ತಟ್ಟಿ, ನಾನೇನು ಮಾಡಿದೆನೋ ದೇವರಿಗೇ ಗೊತ್ತು. ಕೊನೆಗೆ ಒಂದು ಕೆಮ್ಮು ಬಂತು. ಅಷ್ಟರಲ್ಲಿ ಫೈರಿಂಜಿನ್ನಿನವರು ಬಂದರು, ಇವರನ್ನು ಆಂಬುಲೆನ್ಸಿನಲ್ಲಿ ಹಾಕಿ ಕಳಿಸಿದರು. ಶಿವಣ್ಣನವರನ್ನು ಅವರೇ ಮೇಲಕ್ಕೆ ತಂದರಂತೆ. ಜೀವ ಇರಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮೇಲೆ ಮೊದಲು ಕೇಳಿದ್ದು, "ಇನ್ನೊಬ್ರು?" ಇಲ್ಲ ಅಂತ ತಲೆ ಅಲ್ಲಾಡಿಸಿದೆ. "ಇನ್ನೊಂದೇ ಗಂಟು ಹಾಕೋದು ಬಾಕಿ ಇತ್ತು ಕಣೇ" ಎಂದರು.

ನಾನು ಮಂಚದ ಹತ್ತಿರಕ್ಕೆ ಬಗ್ಗಿದೆ. "ನಾನು ಬೇಗ ಎಳುದ್ನಾ?"

"ಇಲ್ಲ. ಕೈಯೇ ಆಡ್ತಿರ್ಲಿಲ್ಲ ನಂಗೆ. ನೀನು ಎಳೀದಿದ್ರೆ ನಾನೂ ಅಲ್ಲೇ."

"ನಿಜ ಹೇಳ್ರೀ."

ಅವರು ಬಲಮಗ್ಗುಲಿಗೆ ಹೊರಳಿ ಮಲಗಿದರು. ಕೇಳುವ ಕಿವಿ ದಿಂಬಿನೊಳಕ್ಕೆ ಹೋಯಿತು, ಕೇಳದ ಕಿವಿ ನನ್ನ ಕಡೆ ಆಯಿತು. ಮತ್ತೆ ಕೇಳಿದೆ, ಅವರಿಗೆ ಕೇಳಿಸಲಿಲ್ಲ. ಇವತ್ತಿಗೂ ಅವರ ಮಾತನ್ನು ನಾನು ಅರ್ಧ ನಂಬುತ್ತೇನೆ.

ಶಿವಣ್ಣನವರ ಉತ್ತರಕ್ರಿಯೆಯ ಊಟ, ಶಿವಗಣಾರಾಧನೆಯ ದಿನ ಇವರಿಗೆ ಇನ್ನೂ ಓಡಾಡಲು ಆಗುತ್ತಿರಲಿಲ್ಲ. ನಾನೊಬ್ಬಳೇ ಹೋದೆ. ಜಯಮ್ಮ ಬೈದರೆ ಏನು ಹೇಳಬೇಕು, ಮುಖಕ್ಕೆ ಉಗಿದರೆ ಹೇಗೆ ನಿಲ್ಲಬೇಕು, ಎಲ್ಲ ಯೋಚಿಸಿಕೊಂಡು ಹೋಗಿದ್ದೆ. ಲೋಕೇಶ ಎದ್ದು ಬಂದು ಕೈ ಮುಗಿದ. ಜಯಮ್ಮ ಪಂಕ್ತಿಯ ಕೊನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಮುಂಗೈ ಮೇಲೆ ನಾನು ಪರಚಿದ ಗೆರೆಗಳು ಕಪ್ಪಾಗಿದ್ದವು. ನಾನು ಎದುರಿಗೆ ಕೂತೆ. ಅವರೇ ಕೇಳಿದರು.

"ನಿಮ್ಮನೆಯೋರು ಊಟ ಮಾಡ್ತಾವ್ರಾ ಅಕ್ಕ?"

"ಗಂಜಿ ಕುಡೀತಾರೆ."

"ಮೊಸರು ಹಾಕಿ ಕೊಡಿ. ಗಂಟ್ಲಿಗೆ ಒಳ್ಳೇದು" ಎಂದರು. ಅಷ್ಟೇ. ಎಲೆಯ ಮುಂದೆ ಕೂತು ತಲೆ ತಗ್ಗಿಸಿ ಅತ್ತೆ. ಬಡಿಸುವವರು ನನ್ನನ್ನು ದಾಟಿಕೊಂಡು ಮುಂದೆ ಹೋದರು.

ಆಮೇಲೆ ಎಷ್ಟೋ ದಿನ ಇವರು ಅಂಗಡಿಯಲ್ಲೇ ಇದ್ದರು. ವಾರ್ನಿಷ್ ಹಚ್ಚುವುದು, ಬೇರಿಂಗ್ ಬದಲಿಸುವುದು, ಸುಮ್ಮನೆ ರಸ್ತೆ ನೋಡುವುದು. ಹಗ್ಗ ಗೂಟಕ್ಕೆ ನೇತಾಡುತ್ತಿತ್ತು. ಸಿದ್ದರಾಜು ಬಂದು, "ಅಣ್ಣ ಇನ್ ಇಳಿಯಲ್ಲ ಅಂತ ಕಾಣ್ತದೆ, ಅಲ್ವಾ ಅತ್ಗೆ?" ಎಂದು ನನ್ನ ಕಿವಿಯಲ್ಲಿ ಕೇಳಿದ. "ಹೌದಂತ ಕಾಣ್ತದೆ" ಎಂದೆ. ಹರಕೆ ತೀರಿಸಿಬಂದೆ. ನಿದ್ದೆ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿದರೆ ಹಗ್ಗ ಕೈಯಲ್ಲಿ ಸುಮ್ಮನಾಗುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಜಡಿಮಳೆ. ಇವರು ಅಂಗಡಿಯ ಬಾಗಿಲಲ್ಲಿ ಕೂತು ಮಳೆ ನೋಡುತ್ತಿದ್ದರು. ಅವರ ಫೋನು ನನ್ನ ಬೆಂಚಿನ ಮೇಲಿತ್ತು. ರಿಂಗಾಯಿತು. ಗೊತ್ತಿಲ್ಲದ ನಂಬರು. ಅವರ ಬೆನ್ನು ನನ್ನ ಕಡೆಗಿತ್ತು, ಎಡಗಿವಿ ಈ ಕಡೆ, ಮಳೆಯ ಸದ್ದು ಬೇರೆ. ಅವರಿಗೆ ಕೇಳಿಸಿರಲಿಲ್ಲ. ಎತ್ತಿದೆ.

ಆ ಕಡೆ ಒಬ್ಬ ಹೆಂಗಸು, ಉಸಿರಿಗೆ ಉಸಿರು ಸಿಗದೆ ಅಳುತ್ತಿದ್ದಳು. "ಮಿಲ್ಟ್ರಿಯೋರಾ? ಬಾವೀಲಿ ನಮ್ಮ ಮೈದ್ನ ಅವ್ನೆ, ಮಾತಾಡ್ತಿಲ್ಲ…"

"ನಿನ್ನ ಗಂಡ ಎಲ್ಲವ್ರೆ ತಾಯಿ?"

"ಮೇಲವ್ರೆ. ಪಂಚೆ ಎತ್ತಿ ಕಟ್ತಾವ್ರೆ, ಇಳೀತೀನಿ ಅಂತಾವ್ರೆ, ಯಾರೇಳುದ್ರೂ ಕೇಳ್ತಿಲ್ಲ."

"ಹೋಗಿ ಕಾಲು ತಬ್ಕೊ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಎರಡೂ ಕಾಲು ತಬ್ಕೊಂಡು ನೆಲದ ಮೇಲೆ ಕೂತ್ಬುಡು. ಬೈದ್ರೂ ಬುಡಬೇಡ, ಒದ್ದರೂ ಬುಡಬೇಡ. ಕೇಳಿಸ್ತಾ? ನಾವು ಬತ್ತಾ ಇದ್ದೀವಿ."

ಊರಿನ ಹೆಸರು ಕೇಳಿಕೊಂಡು ಫೋನ್ ಇಟ್ಟು ತಿರುಗಿದೆ. ಇವರು ಎದ್ದು ನಿಂತಿದ್ದರು. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು, ಚಪ್ಪಲಿ ಹುಡುಕುತ್ತಿದ್ದರು. ಅವರ ಎರಡೂ ಕಾಲು ನನ್ನ ಎದುರಿಗೇ ಇದ್ದವು. ನಾನು ತಬ್ಬಿಕೊಳ್ಳಲಿಲ್ಲ. ಗೂಟದ ಹಗ್ಗ ಎತ್ತಿಕೊಂಡು, ಅಂಗಡಿಗೆ ಬೀಗ ಹಾಕಿ, ನಡುಗುತ್ತಲೇ, ಅವರಿಗಿಂತ ಮೊದಲು ಹೋಗಿ ಗಾಡಿಯಲ್ಲಿ ಕೂತೆ.